ಇದ್ದಿಲ ಹೊಗೆಗೆ ಸೊನ್ನೆ ಎಂದು ಹೆಸರಿಟ್ಟ ಸಾಹೇಬರಿಗೆ

ಸುರಂಗವಾಯು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಯಲ್ಲಾಪುರ, ತಾರೀಖು 5 ಜೂನ್ 1965

ಮಾನ್ಯರೇ,

ಕೆರಿಯ ಮತ್ತು ಸೋಮ ಎಂಬ ಇಬ್ಬರು ಗಂಡಸರನ್ನು ನೀವು ಮತ್ತು ನಾನು ಸೇರಿ ಕೊಂದೆವು. ನೀವು ಆದೇಶ ಬರೆದಿರಿ, ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಈಗ ಅದೇ ಆದೇಶವನ್ನು ಮತ್ತೊಮ್ಮೆ ಹೊರಡಿಸಿದ್ದೀರಿ. ಬರುವ ಸೋಮವಾರವಲ್ಲ, ಅದರಾಚೆಯ ಸೋಮವಾರ, ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳು ಗಂಟೆಗೆ ಇಲ್ಲಿಯ ಮ್ಯಾಂಗನೀಸ್ ಗಣಿಯ ಎರಡನೇ ಸುರಂಗ ಮತ್ತೆ ತೆರೆಯುತ್ತದೆ, ಇಪ್ಪತ್ತೆರಡು ಜನ ಒಳಗೆ ಹೋಗುತ್ತಾರೆ. ನಿಮ್ಮ ಆದೇಶ ಹಾಗೆಯೇ ಉಳಿದರೆ ಅವರಲ್ಲಿ ಎಷ್ಟು ಜನ ನಡೆದುಕೊಂಡು ಹೊರಗೆ ಬರುತ್ತಾರೋ ನನಗೆ ಗೊತ್ತಿಲ್ಲ. ಈ ಸಾವುಗಳ ಬಗ್ಗೆ ಕಚೇರಿಗೆ ಬರೆದ ಏಳು ಪತ್ರಗಳಿಗೆ ಒಂದು ಕಾರ್ಡು ಬಿಟ್ಟರೆ ಉತ್ತರ ಬರಲಿಲ್ಲವಾದ್ದರಿಂದ ಈ ಎಂಟನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಬಸ್ ನಿಲ್ದಾಣಗಳಲ್ಲಿ ಇದರ ಪ್ರತಿ ಅಂಟಿಸುತ್ತೇನೆ. ನೀವು ಓದದಿದ್ದರೆ ಬಸ್ಸಿಗೆ ಕಾಯುವವರಾದರೂ ಓದುತ್ತಾರೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಕಳೆದ ವರ್ಷ ಫೆಬ್ರುವರಿಯಲ್ಲಿ ನಿಮ್ಮ ಕಚೇರಿಯಿಂದ ಈ ಗಣಿಗೆ ಒಂದು ಪರದೇಶದ ಯಂತ್ರ ಬಂತು, ಹೆಸರು ಅವಕೆಂಪು ಅನಿಲ ಪರೀಕ್ಷಕ. ಅದನ್ನು ನಡೆಸಲು ನೇಮಕಗೊಂಡವನೇ ನಾನು. ಕೂಲಿಯವರು ನನ್ನನ್ನು ಮಿಶಿನ್ ಮಾಸ್ತರ ಎನ್ನುತ್ತಿದ್ದರು. ಸುರಂಗದಲ್ಲಿ ಮದ್ದು ಸಿಡಿಸಿದ ಮೇಲೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡುತ್ತಿರುವಾಗಲೇ ಮನುಷ್ಯನನ್ನು ಕೊಲ್ಲುತ್ತದೆ. ಯಂತ್ರದೊಳಗೆ ಎರಡು ಕೊಳವೆಗಳು. ಎರಡರ ಮೂಲಕವೂ ಕಣ್ಣಿಗೆ ಕಾಣದ ಶಾಖದ ಕಿರಣ ಹಾಯುತ್ತದೆ. ಒಂದು ಕೊಳವೆ ಶುದ್ಧ ಅನಿಲ ತುಂಬಿ ಮುಚ್ಚಿದ್ದು, ಇನ್ನೊಂದರಲ್ಲಿ ಸುರಂಗದಿಂದ ಎಳೆದ ಗಾಳಿ ಹರಿಯುತ್ತದೆ. ಗಾಳಿಯಲ್ಲಿ ವಿಷವಿದ್ದರೆ ಅದು ಆ ಕಿರಣವನ್ನು ಕುಡಿದುಬಿಡುತ್ತದೆ, ಮುಳ್ಳು ಬಲಕ್ಕೆ ಏರುತ್ತದೆ. ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು ವಿಷ ದಾಟಿದರೆ ಯಾರೂ ಒಳಗೆ ಹೋಗಕೂಡದು. ದಿನಾ ಬೆಳಿಗ್ಗೆ ಮೊದಲು ಶುದ್ಧ ಗಾಳಿ ಹರಿಸಿ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಬೇಕು. ಆಮೇಲೆ ಅಳತೆ ಗೊತ್ತಿರುವ ಅನಿಲ ಹರಿಸಿ ಮೇಲಿನ ಗೀಟು ಸರಿ ನೋಡಬೇಕು. ಇಷ್ಟೇ ವಿದ್ಯೆ. ಸೊನ್ನೆ ಸುಳ್ಳಾದರೆ ಅದರ ಮೇಲಿನ ಅಂಕಿಗಳೆಲ್ಲ ಸುಳ್ಳು.

ಯಂತ್ರ ಬರುವ ಮೊದಲು ಈ ಜನ ಏನು ಮಾಡುತ್ತಿದ್ದರು ಗೊತ್ತೇ? ಬುಟ್ಟಿಯಲ್ಲಿ ಒಂದು ಕೋಳಿ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಕೋಳಿ ತೂಕಡಿಸಿದರೆ ಗುದ್ದಲಿ ಬಿಟ್ಟು ಓಡಿಬರುತ್ತಿದ್ದರು. ಒಂಬತ್ತು ವರ್ಷ ಒಬ್ಬನೂ ಸಾಯಲಿಲ್ಲ. ನಿಮ್ಮ ಕಚೇರಿಯಿಂದ ಸುತ್ತೋಲೆ ಬಂತು: ಕೋಳಿ ಅವೈಜ್ಞಾನಿಕ, ಇನ್ನು ಮುಂದೆ ನಿಷಿದ್ಧ. ಅದನ್ನು ಓದಿ ಹೇಳಿದವನು ನಾನೇ. ಕೆರಿಯ ತಲೆ ಕೆರೆದುಕೊಂಡು ಕೇಳಿದ.

"ಹಂಗಾರೆ ಕೋಳಿ ಬ್ಯಾಡ್ವಾ ಮಾಸ್ತರ್ರೇ?"

"ಕೋಳಿ ನಿನ್ನ ಸಾರಿಗೆ ಇಟ್ಕೊ. ಮಿಶಿನ್ ಐತಲ್ಲ, ಹೋಗು ಒಳಗ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ದಾಸನಕೊಪ್ಪದ ಅಯ್ಯನೋರ ಮನೆಯವನು, ಕೋಳಿಯ ಮಾತೆತ್ತಿ ತಮಾಷೆ ಮಾಡಿದೆನಲ್ಲ ಎಂದು ನನಗೂ ಹೆಮ್ಮೆಯಾಗಿತ್ತು. ಆ ನಗು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ, ಕೆಲವು ಸಲ ಹೊಡೆದುಕೊಂಡೂ ಇದ್ದೇನೆ.

ಜೂನ್ ಬಂತು. ಈ ಕಡೆಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ. ನೀರಿನ ಹಬೆಯೂ ಅದೇ ಕಿರಣವನ್ನು ಕುಡಿಯುತ್ತದೆ ಎಂದು ಯಂತ್ರದ ಪುಸ್ತಕದಲ್ಲಿ ಬರೆದಿದೆ. ಹಾಗಾಗಿ ಮುಳ್ಳು ಹುಚ್ಚು ಹಿಡಿದಂತೆ ಕುಣಿಯತೊಡಗಿತು. ವಿಷವಿಲ್ಲದ ಕಡೆಯೂ ನೂರೈವತ್ತು, ಇನ್ನೂರು ತೋರಿಸಿತು. ಕೆಲಸ ನಿಂತಿತು, ಮಾಲೀಕರು ನಿಮಗೆ ತಂತಿ ಹೊಡೆದರು. ನಾನೂ ಬರೆದೆ. ನೀರು ಹೀರುವ ಬಿಳಿ ಹರಳುಗಳು ಕರಗಿ ಗಂಜಿಯಾಗಿವೆ, ಹೊಸವು ಕಳಿಸಿ. ಸೊನ್ನೆ ಹಿಡಿಯುವ ಶುದ್ಧ ಗಾಳಿಯ ಸಿಲಿಂಡರ್ ಖಾಲಿಯಾಗಿದೆ, ಅಳತೆಯ ಅನಿಲವೂ ಮುಗಿದಿದೆ, ಬೇರೆ ಕಳಿಸಿ. ಮೂರು ಸಲ ಬರೆದೆ. ಜುಲೈ ಇಪ್ಪತ್ತನೇ ತಾರೀಖಿಗೆ ಉತ್ತರ ಬಂತು. ನನ್ನ ಹತ್ತಿರ ಅದರ ನಕಲಿದೆ, ಕಣ್ಣು ಮುಚ್ಚಿದರೂ ಓದಬಲ್ಲೆ. "ಯಂತ್ರದ ಕೋಣೆಯನ್ನು ಸ್ಥಳೀಯವಾಗಿ ದೊರೆಯುವ ಸಾಧನಗಳಿಂದ ಒಣಗಿಸಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿರತಕ್ಕದ್ದು. ಸಿಲಿಂಡರ್ ಇಲ್ಲದ ಪಕ್ಷದಲ್ಲಿ ಕೋಣೆಯ ಗಾಳಿಯಿಂದಲೇ ಸೊನ್ನೆಯನ್ನು ಹೊಂದಿಸಿಕೊಳ್ಳತಕ್ಕದ್ದು."

ಮಾನ್ಯರೇ, ಈ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಓದಿದರೆ ಇರುವೆಯೂ ಸಾಯುವುದಿಲ್ಲ. ಆದರೆ ನೀವು ಕೂತಿರುವ ಊರಿನಲ್ಲಿ ಗೋಡೆಗಳು ಒಣಗಿರುತ್ತವೆ. ಇಲ್ಲಿ "ಸ್ಥಳೀಯವಾಗಿ ದೊರೆಯುವ ಸಾಧನ" ಎಂದರೆ ಏನೆಂದು ತೊಟ್ಟಿಲ ಮಗುವಿಗೂ ಗೊತ್ತು, ಯಾಕೆಂದರೆ ಅದರ ಬಟ್ಟೆ ಒಣಗುವುದೂ ಅದರ ಮೇಲೆಯೇ. ಇದ್ದಿಲ ಶೇಗಡಿ, ಕೆಂಡದ ಒಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಒಣಗಿಸುವುದೆಲ್ಲ ಅದರ ಮೇಲೆ. ಅಂಚೆಯವನು ಟಪಾಲು ಚೀಲವನ್ನು, ಸರಕಾರಿ ಗುಮಾಸ್ತ ಸ್ಟಾಂಪ್ ಕಾಗದವನ್ನು ಅದರ ಮೇಲೆಯೇ ಹಿಡಿಯುತ್ತಾರೆ. ಮತ್ತಿಘಟ್ಟದ ನಾಗಪತಿ, ಕೂಲಿಗಳ ಮುಕಾದಮ, ತನ್ನ ಮನೆಯಿಂದಲೇ ಒಂದು ದೊಡ್ಡ ಶೇಗಡಿ ಹೊತ್ತು ತಂದು ಯಂತ್ರದ ಮಗ್ಗುಲಿಗಿಟ್ಟ. ನಾನು ಬಾಗಿಲು ಮುಚ್ಚಿದೆ, ಕಿಟಕಿಯ ಸಂದಿಗೆ ಚಿಂದಿ ತುರುಕಿದೆ. ಒಂದು ಗಂಟೆಯಲ್ಲಿ ಕೋಣೆ ಬೆಚ್ಚಗಾಗಿ ಮುಳ್ಳಿನ ಕುಣಿತ ನಿಂತಿತು. ನಿಮ್ಮನ್ನು ಮನಸ್ಸಿನಲ್ಲೇ ಕೊಂಡಾಡಿದೆ. ಆ ಕೋಣೆಯ ಗಾಳಿಯನ್ನೇ ಹರಿಸಿ, ತಿರುಪು ತಿರುಗಿಸಿ, ಸೊನ್ನೆ ಹಿಡಿದೆ.

ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲು ಯಾವ ಅನಿಲ ಬಿಡುತ್ತದೆ ಎಂಬುದನ್ನು ತಮ್ಮಂಥ ವಿಜ್ಞಾನ ಪದವೀಧರರಿಗೆ ನಾನು ಹೇಳಬೇಕೇ? ಯಾವ ವಿಷವನ್ನು ಹಿಡಿಯಲು ಯಂತ್ರ ತಂದೆವೋ ಅದೇ ವಿಷ. ಅದಕ್ಕೆ ನಾವು ಸೊನ್ನೆ ಎಂದು ಹೆಸರಿಟ್ಟೆವು. ಮೂರು ವಾರ ದಿನಾ ಬೆಳಿಗ್ಗೆ ನನಗೆ ತಲೆ ಸಿಡಿಯುತ್ತಿತ್ತು, ಎರಡು ಸಲ ವಾಂತಿಯಾಯಿತು. ಥಂಡಿ ಹವಾ ಎಂದುಕೊಂಡು ಶುಂಠಿ ಕಷಾಯ ಕುಡಿದೆ. ಸೊನ್ನೆ ತೋರಿಸುವ ಗಾಳಿಯಲ್ಲಿ ಕೂತವನಿಗೆ ತಲೆ ಯಾಕೆ ಸಿಡಿಯಬೇಕು ಎಂದು ಒಂದು ಸಲವೂ ಯೋಚಿಸಲಿಲ್ಲ. ಅದು ನನ್ನ ತಪ್ಪು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆಗಸ್ಟ್ ಹನ್ನೊಂದು, ಮಂಗಳವಾರ. ಹಿಂದಿನ ಸಂಜೆ ಸುರಂಗದ ತುದಿಯಲ್ಲಿ ಮದ್ದು ಸಿಡಿಸಿದ್ದರು. ಬೆಳಿಗ್ಗೆ ಇದ್ದಿಲು ಹಸಿಯಿತ್ತು, ಎಂದಿಗಿಂತ ಹೆಚ್ಚು ಸುರಿದೆ. ಸೊನ್ನೆ ಹಿಡಿದು ಸುರಂಗದ ಗಾಳಿ ಎಳೆದೆ. ಮುಳ್ಳು ಅರವತ್ತಕ್ಕೆ ನಿಂತಿತು. ಚೀಟಿಯಲ್ಲಿ "ಒಳಗೆ ಹೋಗಬಹುದು" ಎಂದು ಬರೆದು ರುಜು ಹಾಕಿ ಕೊಟ್ಟೆ. ಕೆರಿಯ ಮತ್ತು ಮನ್ಮನೆಯ ಸೋಮ, ಇಬ್ಬರೂ ಬಂಡೆ ಕೊರೆಯುವವರು, ಒಳಗೆ ಹೋದರು. ಉಳಿದವರು ಹೊರಗೆ ಅದಿರು ಒಡೆಯುತ್ತಿದ್ದರು.

ಹತ್ತೂವರೆಗೆ ಒಳಗಿನಿಂದ ಒಂದು ಕೂಗು ಬಂತು. ಅಂಥ ಕೂಗನ್ನು ನಾನು ಹಂದಿ ಕಡಿಯುವಾಗ ಕೇಳಿದ್ದೆ, ಮನುಷ್ಯನ ಬಾಯಲ್ಲಿ ಕೇಳಿರಲಿಲ್ಲ. ಸೋಮ ಗೋಡೆಗೆ ಮೈ ಉಜ್ಜಿಕೊಂಡು, ಬಿದ್ದು ಎದ್ದು, ಸುರಂಗದ ಬಾಯಿಗೆ ಬಂದ. ಕೈಯಲ್ಲಿ ಕೊರೆಯುವ ಸರಳಿತ್ತು. ಕಣ್ಣು ಬಿಟ್ಟಿದ್ದ, ಆದರೆ ಯಾರನ್ನೂ ಕಾಣುತ್ತಿರಲಿಲ್ಲ. ನಾಗಪತಿ ಓಡಿಹೋಗಿ ಹಿಡಿಯಲು ಕೈ ಚಾಚಿದ. ಸೋಮ ಎರಡೂ ಕೈಯಲ್ಲಿ ಸರಳೆತ್ತಿ ಬೀಸಿದ. ಮುಕಾದಮನ ಹೆಗಲ ಮೂಳೆ ಮುರಿದ ಸದ್ದು ನನಗೆ ಇಪ್ಪತ್ತು ಮಾರು ದೂರಕ್ಕೆ ಕೇಳಿಸಿತು. ಇನ್ನೊಮ್ಮೆ ಬೀಸಿದ, ಅದು ಬಂಡೆಗೆ ತಗುಲಿ ಅವನ ಕೈಯೇ ಸೀಳಿ ರಕ್ತ ಚಿಮ್ಮಿತು. ಆಮೇಲೆ ಮಂಡಿ ಊರಿ ಕೂತು, ಮುಖ ಕೆಸರಿಗೆ ಹಾಕಿ, ಅಲ್ಲಿಯೇ ಸತ್ತ. ಬಾಯಿಗೆ ಒದ್ದೆ ಪಂಜಿಬಟ್ಟೆ ಕಟ್ಟಿಕೊಂಡು ಒಳಗೆ ನುಗ್ಗಿದ ನಾಲ್ವರು ಕೆರಿಯನನ್ನು ಕಾಲು ಹಿಡಿದು ಎಳೆದು ತಂದರು. ಎಳೆದ ರಭಸಕ್ಕೆ ಅವನ ತಲೆ ಅದಿರಿನ ಗಾಡಿಯ ಹಳಿಗೆ ಬಡಿಯುತ್ತಾ ಬಂತು. ಅಷ್ಟರಲ್ಲಿ ಅವನಿಗೆ ಅದರ ನೋವಿರಲಿಲ್ಲ.

ಕೆರಿಯನ ಹೆಂಡತಿ ನಾಗಿ ಮಧ್ಯಾಹ್ನದ ಬುತ್ತಿ ತಂದಿದ್ದಳು. ಈ ವಿಷ ಉಸಿರಾಡಿ ಸತ್ತವರ ಮುಖ ಕಪ್ಪಗಾಗುವುದಿಲ್ಲ, ಕೆಂಪಾಗಿರುತ್ತದೆ. ಕೆರಿಯನ ಕೆನ್ನೆ ತುಟಿಗಳು ಜಾತ್ರೆಗೆ ಹೊರಟವನ ಹಾಗೆ ಕೆಂಪಗಿದ್ದವು. ಹೆಣ ಎತ್ತಲು ಹೋದವರ ಮೇಲೆ ಅವಳು ಬಿದ್ದಳು. "ಜೀಂವ ಅದೆ! ಮುಟ್ಬ್ಯಾಡಿ! ಮೋರೆ ಕಾಣೂದಿಲ್ವಾ ನಿಮ್ಗೆ?" ಎಂದು ಒಬ್ಬನ ಕೈ ಕಚ್ಚಿ ಮಾಂಸ ಹರಿದಳು, ಇನ್ನೊಬ್ಬನ ಕಣ್ಣಿಗೆ ಉಗುರು ಹಾಕಿದಳು. ಕತ್ತಲಾಗುವವರೆಗೆ ನಾಲ್ಕು ಗಂಡಸರಿಗೆ ಅವಳನ್ನು ಹೆಣದಿಂದ ಬಿಡಿಸಲಾಗಲಿಲ್ಲ. ಎದೆಗೆ ಕಿವಿಯಿಟ್ಟು ಕೇಳಿ ಕೇಳಿ, ಮೈ ತಣ್ಣಗಾಗಿದ್ದು ಕೊನೆಗೆ ಅವಳಿಗೇ ಗೊತ್ತಾಯಿತು. ಆಗ ಎದ್ದು ಬಂದು ಆ ಹಿತ್ತಾಳೆಯ ಬುತ್ತಿ ಪಾತ್ರೆಯಿಂದ ನನ್ನ ಬಾಯಿಗೆ ಹೊಡೆದಳು. ನಂತರ ಉಳಿದವರು ಹೊಡೆದರು. ಮುಂದಿನ ಎರಡು ಹಲ್ಲು ಹೋದವು, ಎಡಗಿವಿ ಇಂದಿಗೂ ಕೇಳುವುದಿಲ್ಲ. ನನಗೆ ಬೀಳಬೇಕಾದ ಪಾಲು ನನಗೆ ಬಿತ್ತು, ಅದರ ಬಗ್ಗೆ ದೂರಿಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮ ವಿಳಾಸಕ್ಕೆ ಹೋಗಬೇಕಾದ ಹೊಡೆತಗಳು. ಲಗತ್ತಿಸಿ ಕಳಿಸುವ ಪದ್ಧತಿ ಇಲ್ಲದ್ದರಿಂದ ಇಲ್ಲಿಯೇ ಉಳಿದಿವೆ.

ಮೂರನೇ ದಿನ, ಮುಖ ಊದಿಕೊಂಡಿದ್ದಾಗಲೇ, ಎಂದಿನಂತೆ ಶೇಗಡಿ ಹಚ್ಚಿ ಬಾಗಿಲು ಮುಚ್ಚಿ ಸೊನ್ನೆ ಹಿಡಿದು ಯಂತ್ರದ ಮುಂದೆ ಕೂತೆ. ಉದ್ದನೆಯ ರಬ್ಬರ್ ಕೊಳವೆಯೊಂದನ್ನು ಕಿಟಕಿಯಿಂದ ಹೊರಗೆ ಹಾಕಿ, ಗುಡ್ಡದ ಮೇಲಿನ ಗಾಳಿ ಎಳೆದೆ. ಮುಳ್ಳು ಎಡಕ್ಕೆ ಬಿದ್ದು, ಸೊನ್ನೆ ದಾಟಿ, ತುದಿಯ ಮೊಳೆಗೆ ಬಡಿದು ನಿಂತಿತು. ಸೊನ್ನೆಗಿಂತ ಕಡಿಮೆ ವಿಷ! ಇಲ್ಲದ ವಿಷಕ್ಕಿಂತ ಕಡಿಮೆ ವಿಷ ಇರುವ ಗಾಳಿ ಲೋಕದಲ್ಲಿ ಎಲ್ಲಾದರೂ ಉಂಟೇ? ಯಂತ್ರ ಕೆಟ್ಟಿದೆ ಎಂದುಕೊಂಡೆ. ಶಾಖ ಕೊಡುವ ತಂತಿ ನೋಡಿದೆ, ಸರಿಯಿತ್ತು. ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಕೊಳವೆಯ ಗಾಜು ಒರೆಸಿದೆ, ಕಿರಣ ಕತ್ತರಿಸುವ ಚಕ್ರ ಸರಿಯಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ತಲೆಸುತ್ತು ಬಂದು, ಬಾಗಿಲು ಪೂರ್ತಿ ತೆರೆದಿಟ್ಟು ಜಗುಲಿಯಲ್ಲಿ ಮಲಗಿದೆ. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಶೇಗಡಿ ಆರಿತ್ತು. ಕೋಣೆಯ ಗಾಳಿ ಹರಿಸಿದೆ. ಈಗ ಅದಕ್ಕೂ ಮುಳ್ಳು ಎಡಕ್ಕೆ ಬಿದ್ದು ಅದೇ ಮೊಳೆಗೆ ಬಡಿಯಿತು. ಆಗ ನನಗೆ ಗೊತ್ತಾಯಿತು. ನೆಲಕ್ಕೆ ಕೂತು ಎಷ್ಟು ಹೊತ್ತು ಅತ್ತೆನೋ ನೆನಪಿಲ್ಲ.

ಅತ್ತಮೇಲೆ ಎದ್ದು ಲೆಕ್ಕ ಮಾಡಿದೆ. ಗುಡ್ಡದ ಗಾಳಿಗೆ ಸೊನ್ನೆ ಹಿಡಿದು, ಮಂಗಳವಾರ ಸುರಿದಷ್ಟೇ ಇದ್ದಿಲು ಸುರಿದು, ಬಾಗಿಲು ಮುಚ್ಚಿ, ಒಂದು ಗಂಟೆ ಬಿಟ್ಟು ಕೋಣೆಯ ಗಾಳಿ ಅಳೆದೆ. ಆರುನೂರ ಎಂಬತ್ತು. ಅಂದರೆ ಆ ಬೆಳಿಗ್ಗೆ ಸುರಂಗದಲ್ಲಿ ಇದ್ದದ್ದು ಅರವತ್ತಲ್ಲ, ಏಳುನೂರ ನಲವತ್ತು. ಅದರಲ್ಲಿ ಮೂರು ಗಂಟೆ ಅವರು ಬಂಡೆ ಕೊರೆದರು, ದುಡಿದಷ್ಟೂ ಹೆಚ್ಚು ಉಸಿರೆಳೆದರು.

ಇದನ್ನೆಲ್ಲ ನಾಲ್ಕು ಪುಟ ಬರೆದು ನಿಮಗೆ ಕಳಿಸಿದೆ. ಕಡತಕ್ಕೆ ಸೇರಿಸಲಾಗಿದೆ ಎಂದು ಒಂದು ಕಾರ್ಡು ಬಂತು. ಮಾರ್ಚಿನಲ್ಲಿ ನೀವು ಕಳಿಸಿದ ತಪಾಸಣೆಯ ಇಂಜಿನಿಯರರು ಬಂದರು. ಸುಡುವ ಬಿಸಿಲು, ಒಣ ಹವಾ, ಕೋಣೆಯಲ್ಲಿ ಶೇಗಡಿ ಇಲ್ಲ. ತಾವೇ ತಂದ ಸಿಲಿಂಡರಿನಿಂದ ಸೊನ್ನೆ ನೋಡಿದರು, ಮೇಲಿನ ಗೀಟು ನೋಡಿದರು, ಎಲ್ಲ ಸರಿಯಿತ್ತು. ಸರಿಯಿರದೆ ಏನು, ಯಂತ್ರ ಎಂದೂ ಸುಳ್ಳು ಹೇಳಿಲ್ಲ, ನಾವು ಅದಕ್ಕೆ ಸುಳ್ಳು ಕಲಿಸಿದೆವು. "ಸಾಹೇಬರ, ಒಂದ್ ಶೇಗಡಿ ಹಚ್ಚಿ ಬಾಗಿಲಾ ಹಾಕಿ ನೋಡ್ರಿ, ಕೈ ಮುಗೀತೀನಿ" ಎಂದು ಕೇಳಿಕೊಂಡೆ. ಅವರು ಬೆವರು ಒರೆಸಿಕೊಂಡು, "ಈ ಬಿಸಿಲಲ್ಲಿ ಶೇಗಡಿ ಹಚ್ಚಿ ಏನು, ಹಪ್ಪಳ ಸುಡ್ತೀಯಾ?" ಎಂದು ನಕ್ಕು ಜೀಪು ಹತ್ತಿದರು.

ಆ ಮೇಲೆ ನಿಮ್ಮ ವರದಿ ಬಂತು. ಯಂತ್ರ ಸುಸ್ಥಿತಿಯಲ್ಲಿದೆ. ಮೃತರು ಮದ್ಯದ ಅಮಲಿನಲ್ಲಿ ಒಳಗೆ ಹೋಗಿದ್ದರು, ಓಲಾಡುತ್ತಿದ್ದುದನ್ನೂ ಮುಕಾದಮನ ಮೇಲೆ ಹಲ್ಲೆ ಮಾಡಿದ್ದನ್ನೂ ಎಲ್ಲರೂ ಕಂಡಿದ್ದಾರೆ. ಯಂತ್ರಚಾಲಕನು ವದಂತಿ ಹಬ್ಬಿಸುತ್ತಿರುವುದರಿಂದ ಕೆಲಸದಿಂದ ತೆಗೆಯಲಾಗಿದೆ. ಭಲೇ! ವಿಷ ಏರಿದ ಮಿದುಳು ಮನುಷ್ಯನನ್ನು ಕುಡಿದವನಂತೆ ಓಲಾಡಿಸುತ್ತದೆ, ಕಂಡವರ ಮೇಲೆ ಕೈ ಎತ್ತಿಸುತ್ತದೆ ಎಂದು ನಿಮ್ಮದೇ ಯಂತ್ರದ ಪುಸ್ತಕದ ಎರಡನೇ ಪುಟದಲ್ಲಿದೆ. ಆ ಪುಟ ನಿಮ್ಮ ಪ್ರತಿಯಲ್ಲಿ ಹರಿದಿತ್ತೇ? ಮಾಂಸ ಮದ್ಯ ಮುಟ್ಟದ ಮನೆಯಲ್ಲಿ ಹುಟ್ಟಿದ ನಾನು ಸೋಮನ ಬಾಯಿಗೆ ಮೂಗಿಟ್ಟು ಮೂಸಿದ್ದೇನೆ. ಕೆಸರಿನ ವಾಸನೆ, ರಕ್ತದ ವಾಸನೆ ಇತ್ತು. ಹೆಗಲು ಮುರಿಸಿಕೊಂಡ ನಾಗಪತಿಯನ್ನೇ ಕೇಳಿ. ಅವನು ನನಗೆ ಹೇಳಿದ್ದು ಇಷ್ಟು: "ಸೋಮ ನಂಗೆ ಹೊಡೀಲಿಲ್ಲ ಮಾಸ್ತರ್ರೇ. ಅವ ಅಲ್ಲಿರ್ಲೇ ಇಲ್ಲ." ನಿಮ್ಮ ವರದಿಯಲ್ಲಿ ಅವನ ಹೆಗಲಿದೆ, ಅವನ ಮಾತಿಲ್ಲ.

ಸತ್ತವರನ್ನು ಕುಡುಕರು ಎಂದದ್ದಕ್ಕೆ ನಿಮ್ಮ ಕತ್ತಿನ ಪಟ್ಟಿ ಹಿಡಿದು ಎಳೆದು ಅದೇ ಕೆಸರಿನಲ್ಲಿ ಮುಖ ಅದ್ದಬೇಕು ಎಂದು ನನಗೆ ಅನ್ನಿಸುವುದುಂಟು. ಮುಚ್ಚಿಟ್ಟುಕೊಂಡು ಏನು ಮಾಡಲಿ, ದಿನಾ ಅನ್ನಿಸುತ್ತದೆ. ಆದರೆ ಈ ಪತ್ರ ಅದಕ್ಕಲ್ಲ. ವರದಿಯಲ್ಲಿ ಯಂತ್ರ ಸರಿ, ಆದೇಶ ಸರಿ ಎಂದಾದ್ದರಿಂದ ಜುಲೈ ಇಪ್ಪತ್ತರ ಆ ಎರಡು ವಾಕ್ಯಗಳನ್ನು ಈ ಮಳೆಗಾಲಕ್ಕೂ ಮುಂದುವರಿಸಿದ್ದೀರಿ. ಈಗಾಗಲೇ ಮೋಡ ಕವಿದಿದೆ. ಸಿಲಿಂಡರ್ ಬಂದಿಲ್ಲ, ಹರಳು ಬಂದಿಲ್ಲ. ನನ್ನ ಜಾಗಕ್ಕೆ ಬನವಾಸಿ ಕಡೆಯ ಚಂದ್ರಶೇಖರಪ್ಪ ಎಂಬುವರು ಬಂದಿದ್ದಾರೆ. ಮೂರು ಮಕ್ಕಳ ತಂದೆ, ಬಹಳ ಮೆತ್ತಗಿನ ಮನುಷ್ಯ. ಅವರಿಗೆ ಎಲ್ಲ ಹೇಳಿದೆ. "ನೀವು ಹೇಳೂದು ಖರೆ ಇರಬಹುದ್ರಿ ಸಂಗಯ್ಯನೋರ, ಆದ್ರ ಆರ್ಡರ್ ಐತಲ್ರಿ? ಶೇಗಡಿ ಇಡದಿದ್ರ ನನ್ನೂ ಮನಿಗೆ ಕಳಸ್ತಾರ್ರಿ" ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಳೆದ ವರ್ಷದ ನಾನೇ ಅಲ್ಲಿ ನಿಂತಿದ್ದೆ.

ಹದಿನಾಲ್ಕರ ಪಟ್ಟಿಯಲ್ಲಿ ಕೆರಿಯನ ತಮ್ಮನ ಹೆಸರಿದೆ. ಅದು ತಿಳಿದ ಮೇಲೆ ನಾಗಿಯ ಮನೆಗೆ ಹೋದೆ. ಹತ್ತು ತಿಂಗಳು ಆ ಬಾಗಿಲಿಗೆ ಹೋಗಲು ಧೈರ್ಯ ಬಂದಿರಲಿಲ್ಲ. ಅವಳು ಕೂರು ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ, ಶೇಗಡಿಯ ವಿಷಯವನ್ನೂ. ಅವಳು ಮೊದಲು ಕೇಳಿದ್ದು ಈ ಪ್ರಶ್ನೆ: "ಅದೇ ಗಾಳಿ ನೀವೂ ಕುಡದ್ರಲ್ಲ. ನೀವ್ಯಾಕೆ ಸಾಯ್ಲಿಲ್ಲ?" ನಾನು ಒಂದು ಗಂಟೆ ಕೂತು ಹೊರಗೆ ಬರುತ್ತಿದ್ದೆ, ಅವರು ಹೊರಗೆ ಬರಲಿಲ್ಲ ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತು. ಅವಳು ಮತ್ತೆ ಕೇಳಿದಳು, "ಹದ್ನಾಕ್ನೇ ತಾರೀಕಿಗೆ ಒಳಗೆ ಹೋಗಿ ಅಂತ ಹೇಳೂದು ಯಾರು?" ಹೊಸ ಮಾಸ್ತರು ಎಂದೆ. "ಹಂಗಾರೆ ನಾ ಏಳು ಗಂಟಿಗೆ ಅಲ್ಲಿ ಬತ್ತೆ. ಕತ್ತಿ ತಕಂಡೇ ಬತ್ತೆ. ಯಾರು ಒಳಗೆ ಹೋಗಿ ಅಂತ್ರೋ ಅವ್ರನ್ನ ಕಡ್ದೇ ಹಾಕ್ತೆ. ಬ್ಯಾಡ ಅನ್ಬ್ಯಾಡಿ ಮತ್ತೆ."

ಮಾನ್ಯರೇ, ನಾನು ಬೇಡ ಎನ್ನಲಿಲ್ಲ.

ಮನೆಗೆ ಬಂದ ಮೇಲೆ ಈ ಪತ್ರ ಬರೆಯಲು ಕೂತೆ. ಅವಳು ಆಡಿದ್ದನ್ನು ಮಾಡುವವಳು, ಅವಳ ಹಲ್ಲಿನ ಗುರುತು ಇನ್ನೂ ಒಬ್ಬನ ಕೈಯಲ್ಲಿದೆ. ಕತ್ತಿ ಎತ್ತಿದರೆ ಅದರ ಕೆಳಗೆ ಬರುವುದು ನೀವಲ್ಲ, ಚಂದ್ರಶೇಖರಪ್ಪನವರು. ಕತ್ತಿ ಎತ್ತದಿದ್ದರೆ ಅವಳ ಮೈದುನ ಸುರಂಗದೊಳಗೆ ಹೋಗುತ್ತಾನೆ. ಈ ಎರಡರಲ್ಲಿ ಒಂದನ್ನು ನೀವು ನಮಗೆ ಬಿಟ್ಟಿದ್ದೀರಿ. ಮೂರನೆಯದು ನಿಮ್ಮ ಕೈಯಲ್ಲಿ ಮಾತ್ರ ಇದೆ. ಹದಿಮೂರರ ಸಂಜೆಯೊಳಗೆ ತಂತಿ ಕಳಿಸಿ: ಆದೇಶ ರದ್ದು, ಸಿಲಿಂಡರ್ ಬರುವವರೆಗೆ ಸುರಂಗ ಬಂದ್. ಆರು ಶಬ್ದ ಸಾಕು. ಅಷ್ಟಕ್ಕೂ ಕೈ ಬಾರದಿದ್ದರೆ ತಾವೇ ಬನ್ನಿ. ಆ ಕೋಣೆಯ ಬಾಗಿಲು ಹಾಕಿಕೊಂಡು ಶೇಗಡಿಯ ಪಕ್ಕ ಒಂದು ಗಂಟೆ ಕೂತು, ತಮ್ಮ ಕೈಯಿಂದಲೇ ಸೊನ್ನೆ ಹಿಡಿದು, ಹೊರಗೆ ಬಂದು ನಾಗಿಯ ಎದುರು ನಿಂತು, ಆ ಇಪ್ಪತ್ತೆರಡು ಜನಕ್ಕೆ ಒಳಗೆ ಹೋಗಿ ಎಂದು ತಮ್ಮ ಬಾಯಿಂದಲೇ ಹೇಳಿ. ನಾನು ಅವಳ ಕೈ ಹಿಡಿಯುವುದಿಲ್ಲ.

ಇಂತಿ,
ಇಬ್ಬರ ಸಾವಿನಲ್ಲಿ ತಮ್ಮ ಪಾಲುದಾರ,
ಒಂದು ಕಿವಿಯ ಮಾಜಿ ಮಿಶಿನ್ ಮಾಸ್ತರ
ಸಂಗಯ್ಯ ಚನ್ನಯ್ಯ ಸಾಲಿಮಠ
ಸಾಕಿನ ದಾಸನಕೊಪ್ಪ, ತಾಲೂಕು ಸಿರಸಿ